ಡಿಲನ್ ಗಾಸ್ಪೆಲ್ ಹಾಡಿದಾಗ ಜೊತೆಗೆ ಯಾರ್ಯಾರಿದ್ದರು?

1979ರ ಆಗಸ್ಟ್‌ನಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ‘ಸ್ಲೋ ಟ್ರೇನ್ ಕಮಿಂಗ್’ ಆಲ್ಬಮ್ ಬಂತು. ಒಟ್ಟು ಒಂಬತ್ತು ಹಾಡು. ಕೇಳಿದ ಅಭಿಮಾನಿಗಳು ತಬ್ಬಿಬ್ಬಾದರು. ಅರವತ್ತರ ದಶಕದಲ್ಲಿ ಒಂದು ಗಿಟಾರ್, ಒಂದು ಮೌತ್ ಆರ್ಗನ್ ಹಿಡಿದು ಯುದ್ಧವನ್ನೂ ವರ್ಣಭೇದವನ್ನೂ ಪ್ರಶ್ನಿಸಿದ್ದವರು ಇವರು. ಯಹೂದಿ ಮನೆಯಲ್ಲಿ ಹುಟ್ಟಿದವರು. ಈಗ ಬೈಬಲ್ ಹಿಡಿದು ಯೇಸುವಿನ ಬಗ್ಗೆ ಹಾಡುತ್ತಿದ್ದರು. ಬೆನ್ನಿಗೆ ಹೆಂಗಸರ ಕೋರಸ್, ಟ್ರಂಪೆಟ್, ಸ್ಯಾಕ್ಸೋಫೋನ್, ಆರ್ಗನ್.

ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ಡಿಲನ್ ಕ್ರೈಸ್ತರಾದರು, ಹಾಗಾಗಿ ಗಾಸ್ಪೆಲ್ ಹಾಡಿದರು. ಇದು ಸುಳ್ಳಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಆ ಆಲ್ಬಮ್ ಯಾಕೆ ಹಾಗೆ ಕೇಳಿಸುತ್ತದೆ ಅನ್ನೋದು ತಿಳಿಯುವುದಿಲ್ಲ. ನಂಬಿಕೆ ಬದಲಾದರೆ ಸಾಹಿತ್ಯ ಬದಲಾಗಬಹುದು. ಡ್ರಮ್ಮಿನ ಪೆಟ್ಟು ಎಲ್ಲಿ ಬೀಳುತ್ತದೆ, ಕೋರಸ್ ಯಾವಾಗ ನುಗ್ಗುತ್ತದೆ, ಬಾಸ್ ಗಿಟಾರ್ ಎಷ್ಟು ಸುಮ್ಮನಿರುತ್ತದೆ, ಇವೆಲ್ಲ ನಂಬಿಕೆಯಿಂದ ಬರುವುದಿಲ್ಲ. ಅದನ್ನು ವರ್ಷಗಟ್ಟಲೆ ಮಾಡಿ ಪಳಗಿದವರಿಂದ ಬರುತ್ತದೆ. ‘ಈ ಆಲ್ಬಮ್ ಮೇಲೆ ಗಾಸ್ಪೆಲ್ ಮತ್ತು ರಿದಮ್ ಅಂಡ್ ಬ್ಲೂಸ್ ಪ್ರಭಾವ ಇದೆ’ ಎಂದು ವಿಮರ್ಶಕರು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಆ ಪ್ರಭಾವಕ್ಕೆ ಹೆಸರು, ಊರು, ಸಂಬಳ ಎಲ್ಲ ಇದ್ದವು. ಅದನ್ನು ಬಿಡಿಸಿ ನೋಡೋಣ.

ಮೊದಲು ಗಾಸ್ಪೆಲ್ ಅಂದರೇನು?

ಅಮೆರಿಕದ ಕಪ್ಪು ಜನರ ಚರ್ಚ್ ಸಂಗೀತದಲ್ಲಿ ಎರಡು ಘಟ್ಟಗಳಿವೆ. ಮೊದಲನೆಯದು ಸ್ಪಿರಿಚುಯಲ್. ಗುಲಾಮಗಿರಿಯ ಕಾಲದಲ್ಲಿ ಹತ್ತಿ ಹೊಲಗಳಲ್ಲಿ, ರಾತ್ರಿಯ ಗುಟ್ಟಿನ ಪ್ರಾರ್ಥನೆಗಳಲ್ಲಿ ಹುಟ್ಟಿದ ಹಾಡುಗಳು. ಬರೆದವರು ಯಾರೆಂದು ಹೆಚ್ಚಿನವಕ್ಕೆ ಗೊತ್ತಿಲ್ಲ. ಎರಡನೆಯದು ಗಾಸ್ಪೆಲ್. ಇದು ಇಪ್ಪತ್ತನೇ ಶತಮಾನದ್ದು, ನಗರದ್ದು. ಇದಕ್ಕೆ ಬರೆದವರಿದ್ದಾರೆ, ಅಚ್ಚಾದ ಪುಸ್ತಕಗಳಿವೆ, ದೊಡ್ಡ ಗಾಯಕ ತಂಡಗಳಿವೆ.

ಗಾಸ್ಪೆಲ್‌ನ ಪಿತಾಮಹ ಎಂದು ಕರೆಸಿಕೊಳ್ಳುವ ಥಾಮಸ್ ಡಾರ್ಸಿ 1899ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದವರು. ಅವರ ಹಿಂದಿನ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತದೆ. ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್, ಅಂದರೆ ಕಪ್ಪು ಜನರ ಲೌಕಿಕ ನೋವು ನಲಿವಿನ ಹಾಡುಗಳಿಗೆ ಪಿಯಾನೋ ನುಡಿಸುತ್ತಿದ್ದರು. ಬ್ಲೂಸ್ ಗಾಯಕಿ ಮಾ ರೇನಿ ಅವರ ತಂಡದಲ್ಲಿದ್ದರು. ಪೋಲಿ ಹಾಡುಗಳನ್ನೂ ಬರೆದರು. 1932ರಲ್ಲಿ ಅವರು ಬೇರೆ ಊರಿನಲ್ಲಿ ಕಾರ್ಯಕ್ರಮ ಕೊಡುತ್ತಿದ್ದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು. ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಬರೆದದ್ದೇ ‘ಟೇಕ್ ಮೈ ಹ್ಯಾಂಡ್, ಪ್ರೆಶಸ್ ಲಾರ್ಡ್’. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯ ದಿನ ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಇದನ್ನೇ.

ಡಾರ್ಸಿ ಮಾಡಿದ್ದು ಏನು? ಬ್ಲೂಸ್‌ನ ನಡಿಗೆಯನ್ನು, ಅದರ ಬಾಗಿದ ಸ್ವರಗಳನ್ನು ಚರ್ಚ್ ಒಳಗೆ ತಂದರು. ಶಿಕಾಗೋದ ಮಡಿವಂತ ಚರ್ಚುಗಳು ಮೊದಮೊದಲು ಬಾಗಿಲು ಹಾಕಿಕೊಂಡವು. ಹೋಟೆಲು, ಬಾರುಗಳ ಸಂಗೀತ ಇಲ್ಲಿ ಬೇಡ ಎಂದವು. ಆಮೇಲೆ ಒಪ್ಪಿಕೊಂಡವು. ಅಂದರೆ ಗಾಸ್ಪೆಲ್ ಹುಟ್ಟುವಾಗಲೇ ಬೆರಕೆ. ‘ಶುದ್ಧ ಗಾಸ್ಪೆಲ್’ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಇನ್ನು ರಿದಮ್ ಅಂಡ್ ಬ್ಲೂಸ್. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಕಪ್ಪು ಜನ ದಕ್ಷಿಣದ ಹಳ್ಳಿಗಳನ್ನು ಬಿಟ್ಟು ಶಿಕಾಗೋ, ಡೆಟ್ರಾಯಿಟ್, ಲಾಸ್ ಏಂಜಲೀಸ್‌ನಂಥ ನಗರಗಳಿಗೆ ದುಡಿಯಲು ಬಂದಿದ್ದರು. ಹಳ್ಳಿಯ ಬ್ಲೂಸ್‌ಗೆ ಇಲ್ಲಿ ವಿದ್ಯುತ್ ಗಿಟಾರ್, ಡ್ರಮ್, ಸ್ಯಾಕ್ಸೋಫೋನ್ ಸೇರಿದವು. ವೇಗ ಹೆಚ್ಚಿತು. ಶನಿವಾರ ರಾತ್ರಿ ಕುಣಿಯಲು ಬೇಕಾದ ಸಂಗೀತವಾಯಿತು. ವ್ಯಾಪಾರದ ಪತ್ರಿಕೆ ‘ಬಿಲ್‌ಬೋರ್ಡ್’ ಇದರ ಜನಪ್ರಿಯತೆಯ ಪಟ್ಟಿಯನ್ನು ‘ರೇಸ್ ರೆಕಾರ್ಡ್ಸ್’ ಎಂಬ ಶೀರ್ಷಿಕೆಯಲ್ಲಿ ಹಾಕುತ್ತಿತ್ತು. ಕಪ್ಪು ಜನಾಂಗದ ರೆಕಾರ್ಡುಗಳು ಎಂಬ ಪ್ರತ್ಯೇಕ ಪಂಕ್ತಿ. ಅಲ್ಲಿ ವರದಿಗಾರರಾಗಿದ್ದ ಜೆರ್‍ರಿ ವೆಕ್ಸ್‌ಲರ್ ಎಂಬ ಯುವಕನಿಗೆ ಇದು ಸರಿ ಕಾಣಲಿಲ್ಲ. ಅವರು ಸೂಚಿಸಿದ ಹೆಸರು ‘ರಿದಮ್ ಅಂಡ್ ಬ್ಲೂಸ್’. 1949ರಿಂದ ಪಟ್ಟಿಗೆ ಅದೇ ಹೆಸರು ಬಂತು.

ಈ ವೆಕ್ಸ್‌ಲರ್ ಹೆಸರನ್ನು ನೆನಪಿಟ್ಟುಕೊಳ್ಳಿ. 1953ರಲ್ಲಿ ಅವರು ಅಟ್ಲಾಂಟಿಕ್ ರೆಕಾರ್ಡ್ಸ್ ಸೇರಿದರು. ಮರುವರ್ಷವೇ ಆ ಕಂಪನಿಗೆ ರೇ ಚಾರ್ಲ್ಸ್ ‘ಐ ಹ್ಯಾವ್ ಗಾಟ್ ಎ ವುಮನ್’ ಹಾಡಿದರು. ರೇಡಿಯೋದಲ್ಲಿ ಬರುತ್ತಿದ್ದ ಒಂದು ಗಾಸ್ಪೆಲ್ ಹಾಡಿನ ಧಾಟಿಯನ್ನು ಎತ್ತಿಕೊಂಡು, ಯೇಸು ಇದ್ದ ಜಾಗದಲ್ಲಿ ಒಬ್ಬ ಹೆಣ್ಣನ್ನು ಕೂರಿಸಿದ್ದರು. ಹಳೇ ಬ್ಲೂಸ್ ಗಾಯಕರೇ ಸಿಟ್ಟಾದರು. ಇವನು ಚರ್ಚ್‌ನಲ್ಲಿ ಹಾಡಬೇಕಾದವನು, ಎರಡನ್ನೂ ಕಲಸುತ್ತಿದ್ದಾನೆ ಎಂದರು. ಸ್ಯಾಮ್ ಕುಕ್ ಆಗ ‘ಸೋಲ್ ಸ್ಟಿರರ್ಸ್’ ಎಂಬ ಗಾಸ್ಪೆಲ್ ತಂಡದ ತಾರೆ. ಅವರು ಮೊದಲ ಪ್ರೇಮಗೀತೆಯನ್ನು ಹೊರತಂದಾಗ ಭಕ್ತರ ಕೋಪಕ್ಕೆ ಹೆದರಿ ‘ಡೇಲ್ ಕುಕ್’ ಎಂದು ಹೆಸರು ಹಾಕಿಸಿದರು. ದನಿ ಅಡಗಿಸಲು ಆಗುತ್ತದೆಯೇ? ಎಲ್ಲರಿಗೂ ಗೊತ್ತಾಯಿತು.

ಲಿಟಲ್ ರಿಚರ್ಡ್ ಕಥೆ ಇನ್ನೂ ಸೊಗಸು. ಅಬ್ಬರದ ರಾಕ್ ಅಂಡ್ ರೋಲ್ ಹಾಡಿ ಹುಚ್ಚೆಬ್ಬಿಸಿದವರು 1957ರಲ್ಲಿ ಎಲ್ಲ ಬಿಟ್ಟು ಧರ್ಮಬೋಧನೆಗೆ ಹೋದರು. ಆಮೇಲೆ ವಾಪಸ್ ಬಂದರು. ಮತ್ತೆ ಹೋದರು. ಮಿನ್ನೆಸೋಟ ರಾಜ್ಯದ ಹಿಬ್ಬಿಂಗ್ ಎಂಬ ಗಣಿ ಊರಿನ ಹುಡುಗನೊಬ್ಬ 1959ರಲ್ಲಿ ಹೈಸ್ಕೂಲ್ ಮುಗಿಸುವಾಗ, ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ತನ್ನ ಆಸೆ ‘ಲಿಟಲ್ ರಿಚರ್ಡ್ ಜೊತೆ ಸೇರುವುದು’ ಎಂದು ಬರೆಸಿದ್ದ. ಹುಡುಗನ ಹೆಸರು ರಾಬರ್ಟ್ ಜಿಮ್ಮರ್‌ಮನ್. ಮುಂದೆ ಬಾಬ್ ಡಿಲನ್.

ಫೋಕ್‌ಗೂ ಚರ್ಚಿಗೂ ಇದ್ದ ನಂಟು

ಹಾಗಾದರೆ ಡಿಲನ್ ಫೋಕ್, ಅಂದರೆ ಜನಪದ ಗಾಯಕ ಹೇಗಾದರು? 1961ರಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ಗೆ ಬಂದರು. ಅಲ್ಲಿ ಕಾಫಿ ಅಂಗಡಿಗಳಲ್ಲಿ ಹಳೆಯ ಜನಪದ ಹಾಡುಗಳನ್ನು ಹಾಡುವ ಗುಂಪು ಇತ್ತು. ಅಲ್ಲಿ ಕಲಿತರು. ಆದರೆ ಅಮೆರಿಕದ ‘ಜನಪದ’ ಅನ್ನುವ ಗಂಟಿನಲ್ಲಿ ಕಪ್ಪು ಜನರ ಚರ್ಚ್ ಹಾಡುಗಳು ಮೊದಲಿನಿಂದಲೂ ಸೇರಿದ್ದವು. 1962ರ ಅವರ ಮೊದಲ ಆಲ್ಬಮ್‌ನಲ್ಲೇ ‘ಗಾಸ್ಪೆಲ್ ಪ್ಲೌ’ ಎಂಬ ಹಾಡಿದೆ. ಅವರನ್ನು ಜಗತ್ತಿಗೆ ಪರಿಚಯಿಸಿದ ‘ಬ್ಲೋವಿನ್ ಇನ್ ದ ವಿಂಡ್’ ಹಾಡಿನ ಧಾಟಿ ‘ನೋ ಮೋರ್ ಆಕ್ಷನ್ ಬ್ಲಾಕ್’ ಎಂಬ ಸ್ಪಿರಿಚುಯಲ್‌ನಿಂದ ಬಂದದ್ದು. ಗುಲಾಮರನ್ನು ಹರಾಜು ಹಾಕುವ ಕಟ್ಟೆಯ ಮೇಲೆ ಇನ್ನು ನಿಲ್ಲಲಾರೆ ಎನ್ನುವ ಹಾಡು ಅದು. ಈ ಸಾಲವನ್ನು ಡಿಲನ್ ಅವರೇ ಒಪ್ಪಿಕೊಂಡಿದ್ದಾರೆ.

ಆ ಸಾಲ ಎರಡೂ ಕಡೆ ಹರಿಯಿತು. ‘ಬ್ಲೋವಿನ್ ಇನ್ ದ ವಿಂಡ್’ ಕೇಳಿದ ಸ್ಯಾಮ್ ಕುಕ್, ಒಬ್ಬ ಬಿಳಿಯ ಹುಡುಗ ಇದನ್ನು ಬರೆದನಲ್ಲ, ನಾನು ಯಾಕೆ ಬರೆದಿಲ್ಲ ಎಂದು ಕೊರಗಿದರು. ಅದರ ನಂತರ ಬಂದದ್ದು ‘ಎ ಚೇಂಜ್ ಈಸ್ ಗಾನ್ನಾ ಕಮ್’. ಸ್ಟೇಪಲ್ ಸಿಂಗರ್ಸ್ ಎಂಬ ಗಾಸ್ಪೆಲ್ ಕುಟುಂಬ ಅರವತ್ತರ ದಶಕದ ಮೊದಲ ವರ್ಷಗಳಲ್ಲೇ ಡಿಲನ್ ಹಾಡುಗಳನ್ನು ಹಾಡಿತು. ಆ ಮನೆಯ ಮಗಳು ಮೇವಿಸ್ ಸ್ಟೇಪಲ್ಸ್ ಅವರನ್ನು ಡಿಲನ್ ಮದುವೆಯಾಗಲು ಕೇಳಿದ್ದರು. ಆಕೆ ಒಪ್ಪಲಿಲ್ಲ. 1963ರ ಆಗಸ್ಟ್ 28ರಂದು ಕಪ್ಪು ಜನರ ಹಕ್ಕುಗಳಿಗಾಗಿ ವಾಷಿಂಗ್ಟನ್‌ನಲ್ಲಿ ನಡೆದ ದೊಡ್ಡ ಮೆರವಣಿಗೆಯ ವೇದಿಕೆಯಲ್ಲಿ ಡಿಲನ್ ಕೂಡ ಹಾಡಿದರು, ಮಹಾಲಿಯಾ ಜಾಕ್ಸನ್ ಕೂಡ ಹಾಡಿದರು.

ಈ ಬೆರಕೆ ನಮಗೆ ಅಪರಿಚಿತವಲ್ಲ. ಕರ್ನಾಟಕದ ಯಾವುದಾದರೂ ಹೋರಾಟದ ಸಭೆಗೆ, ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದರೆ ‘ಗೆದ್ದೇ ಗೆಲ್ಲುವೆವು ಒಂದು ದಿನ’ ಹಾಡಿರುತ್ತೀರಿ, ಅಲ್ವಾ? ಅದರ ಮೂಲ ‘ವಿ ಶಲ್ ಓವರ್‌ಕಮ್’. ಕಪ್ಪು ಜನರ ಚರ್ಚ್ ಹಾಡಿನ ಬೇರಿನಿಂದ ಬಂದದ್ದು. 1945ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಊರಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಹೆಣ್ಣು ಕಾರ್ಮಿಕರು ಅದನ್ನು ಹಾಡಿದರು. ಅಲ್ಲಿಂದ ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಟೆನ್ನೆಸ್ಸಿಯ ಹೈಲ್ಯಾಂಡರ್ ಶಾಲೆಗೆ, ಅಲ್ಲಿಂದ ಪೀಟ್ ಸೀಗರ್ ಅವರಂಥ ಫೋಕ್ ಗಾಯಕರ ಬಾಯಿಗೆ, ಆಮೇಲೆ ನಮ್ಮಲ್ಲಿಗೆ. ನಾವು ಅದನ್ನು ಹೋರಾಟದ ಹಾಡು ಅನ್ನುತ್ತೇವೆ. ಅಮೆರಿಕದಲ್ಲಿ ಫೋಕ್ ಅನ್ನುತ್ತಾರೆ. ಹುಟ್ಟಿದ್ದು ಚರ್ಚಿನ ಬೆಂಚುಗಳಲ್ಲಿ.

ಹಾಗಾಗಿ 1979ರಲ್ಲಿ ಡಿಲನ್ ಹೊಸ ದೇಶಕ್ಕೆ ವಲಸೆ ಹೋಗಲಿಲ್ಲ. ತಾವು ಮೊದಲಿನಿಂದಲೂ ಸಾಲ ತರುತ್ತಿದ್ದ ಮನೆಯ ಒಳಗೆ ಕಾಲಿಟ್ಟರು ಅಷ್ಟೇ.

ಮಸಲ್ ಶೋಲ್ಸ್

1978ರಲ್ಲಿ ಡಿಲನ್ ವರ್ಷವಿಡೀ ಜಗತ್ತು ಸುತ್ತಿ ಹಾಡಿದರು. ಆ ತಂಡದಲ್ಲಿ ಆಗಲೇ ಮೂವರು ಹಿನ್ನೆಲೆ ಗಾಯಕಿಯರಿದ್ದರು, ಸ್ಯಾಕ್ಸೋಫೋನ್ ಇತ್ತು. ಇದನ್ನು ಜನ ಮರೆಯುತ್ತಾರೆ. ಧ್ವನಿ ಮೊದಲು ಬಂತು, ಮತ ಆಮೇಲೆ ಬಂತು. ನವೆಂಬರ್‌ನಲ್ಲಿ ಸ್ಯಾನ್ ಡಿಯೇಗೋದಲ್ಲಿ ಹಾಡುವಾಗ ಯಾರೋ ವೇದಿಕೆ ಮೇಲೆ ಒಂದು ಬೆಳ್ಳಿ ಶಿಲುಬೆ ಎಸೆದರು, ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ ಎಂದು ಡಿಲನ್ ಮರುವರ್ಷ ಅದೇ ಊರಿನಲ್ಲಿ ಹೇಳಿದರು. 1979ರ ಮೊದಲ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾದ ವಿನ್‌ಯಾರ್ಡ್ ಎಂಬ ಚರ್ಚಿನವರ ಬೈಬಲ್ ತರಗತಿಗೆ ಹೋದರು. ಲೋಕದ ಅಂತ್ಯ ಹತ್ತಿರ ಬಂದಿದೆ ಎಂದು ನಂಬುವ ಬಳಗ ಅದು. ಹಾಡುಗಳು ಸಾಲುಸಾಲಾಗಿ ಬಂದವು.

ಈ ಹಾಡುಗಳನ್ನು ಯಾರ ಕೈಗೆ ಕೊಡುವುದು? ಡಿಲನ್ ಆರಿಸಿದ್ದು ಜೆರ್‍ರಿ ವೆಕ್ಸ್‌ಲರ್ ಅವರನ್ನು. ಹೌದು, ರಿದಮ್ ಅಂಡ್ ಬ್ಲೂಸ್‌ಗೆ ಹೆಸರಿಟ್ಟ ಅದೇ ವೆಕ್ಸ್‌ಲರ್. ಅಷ್ಟು ಹೊತ್ತಿಗೆ ಅವರು ಅರೀಥಾ ಫ್ರಾಂಕ್ಲಿನ್, ವಿಲ್ಸನ್ ಪಿಕೆಟ್ ಮೊದಲಾದವರ ರೆಕಾರ್ಡುಗಳಿಂದ ದಂತಕಥೆಯಾಗಿದ್ದರು. ರೆಕಾರ್ಡಿಂಗ್ ನಡುವೆ ಡಿಲನ್ ವೆಕ್ಸ್‌ಲರ್ ಅವರಿಗೂ ಧರ್ಮಬೋಧನೆ ಮಾಡಲು ಹೋದರಂತೆ. ನಾನು ಅರವತ್ತೆರಡು ವರ್ಷದ ಯಹೂದಿ ನಾಸ್ತಿಕ, ನನ್ನ ಮೇಲೆ ಇದೆಲ್ಲ ನಡೆಯುವುದಿಲ್ಲ, ಬಾ ಆಲ್ಬಮ್ ಮಾಡೋಣ ಎಂಬ ಅರ್ಥದಲ್ಲಿ ವೆಕ್ಸ್‌ಲರ್ ಉತ್ತರ ಕೊಟ್ಟರು. ಆ ದಶಕದ ಅತ್ಯಂತ ಕಟ್ಟಾ ಕ್ರೈಸ್ತ ರಾಕ್ ಆಲ್ಬಮ್‌ಗಳಲ್ಲಿ ಒಂದನ್ನು ದೇವರನ್ನೇ ನಂಬದವರು ನಿರ್ಮಿಸಿದರು. ಈ ಒಂದು ವಿಷಯ ಸಾಕು, ಸಂಗೀತ ಮತ್ತು ನಂಬಿಕೆ ಎರಡು ಬೇರೆ ಕೆಲಸ ಅನ್ನಲು.

ವೆಕ್ಸ್‌ಲರ್ ಡಿಲನ್‌ರನ್ನು ಕರೆದೊಯ್ದದ್ದು ಅಲಬಾಮಾ ರಾಜ್ಯದ ಶೆಫೀಲ್ಡ್ ಎಂಬ ಸಣ್ಣ ಊರಿಗೆ. ಟೆನ್ನೆಸ್ಸಿ ನದಿಯ ದಡ. ಅಲ್ಲಿ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋ ಇತ್ತು. ಈ ಊರಿನ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಅಕ್ಕಪಕ್ಕದ ಊರಿನಲ್ಲಿ ರಿಕ್ ಹಾಲ್ ಎಂಬುವರ ಫೇಮ್ ಸ್ಟುಡಿಯೋ ಇತ್ತು. 1967ರ ಜನವರಿಯಲ್ಲಿ ವೆಕ್ಸ್‌ಲರ್ ಅರೀಥಾ ಫ್ರಾಂಕ್ಲಿನ್ ಅವರನ್ನು ಅಲ್ಲಿಗೆ ತಂದರು. ಅರೀಥಾ ಡೆಟ್ರಾಯಿಟ್‌ನ ಹೆಸರಾಂತ ಬಾಪ್ಟಿಸ್ಟ್ ಬೋಧಕರ ಮಗಳು, ಚರ್ಚ್‌ನಲ್ಲೇ ಹಾಡಿ ಬೆಳೆದವರು. ಅದಕ್ಕೆ ಮುಂಚೆ ಬೇರೆ ಕಂಪನಿ ಅವರಿಗೆ ವರ್ಷಗಟ್ಟಲೆ ಜಾಸ್ತಿ ನಾಜೂಕಿನ ಹಾಡುಗಳನ್ನು ಹಾಡಿಸಿತ್ತು. ವೆಕ್ಸ್‌ಲರ್ ಅವರನ್ನು ಪಿಯಾನೋ ಮುಂದೆ ಕೂರಿಸಿ, ನೀವು ಚರ್ಚಲ್ಲಿ ಹಾಡುವಂತೆ ಹಾಡಿ ಎಂಬ ದಾರಿ ತೆರೆದರು. ಆ ದಿನ ಕುಡಿತ, ಜಗಳದಲ್ಲಿ ಮುಗಿಯಿತು, ಪೂರ್ತಿಯಾದದ್ದು ಒಂದೇ ಹಾಡು. ಆ ಒಂದು ಹಾಡಿನಿಂದಲೇ ಅರೀಥಾ ಅರೀಥಾ ಆದರು. ಹಾಡು ಶುರುವಾಗುವಾಗ ಒಂದು ವಿದ್ಯುತ್ ಪಿಯಾನೋ ತೂಗುತ್ತಾ ಬರುತ್ತದೆ. ಅದನ್ನು ನುಡಿಸಿದವರು ಸ್ಪೂನರ್ ಓಲ್ಡ್‌ಹ್ಯಾಮ್, ಅದೇ ಸೀಮೆಯವರು.

ಅರೀಥಾ ಬಿಟ್ಟರೆ ಅಂದು ನುಡಿಸಿದವರೆಲ್ಲ ಬಿಳಿಯರು. ವರ್ಣಭೇದದ ರಾಜಕೀಯಕ್ಕೆ ಕುಖ್ಯಾತವಾಗಿದ್ದ ಅಲಬಾಮಾದಲ್ಲಿ, ರೇಡಿಯೋದಲ್ಲಿ ಕಪ್ಪು ಸಂಗೀತ ಕೇಳಿ ಬೆಳೆದ ಹುಡುಗರು. 1969ರಲ್ಲಿ ಫೇಮ್ ಸ್ಟುಡಿಯೋದ ಇಂಥ ವಾದಕರಲ್ಲಿ ನಾಲ್ವರು, ಅಂದರೆ ಬ್ಯಾರಿ ಬೆಕೆಟ್, ರೋಜರ್ ಹಾಕಿನ್ಸ್, ಜಿಮ್ಮಿ ಜಾನ್ಸನ್, ಡೇವಿಡ್ ಹುಡ್, ಹೊರಬಂದು ಸ್ವಂತ ಸ್ಟುಡಿಯೋ ಮಾಡಿಕೊಂಡರು. ಸ್ಟೇಪಲ್ ಸಿಂಗರ್ಸ್ ಅವರ ‘ಐಲ್ ಟೇಕ್ ಯು ದೇರ್’ ಅಲ್ಲೇ ಆಯಿತು. ಅದನ್ನು ಕೇಳಿದ ಗಾಯಕ ಪಾಲ್ ಸೈಮನ್, ಈ ಕಪ್ಪು ವಾದಕರು ನನಗೂ ಬೇಕು ಎಂದು ಫೋನ್ ಮಾಡಿದರಂತೆ. ಸಿಗುತ್ತಾರೆ, ಆದರೆ ಅವರು ಸಿಕ್ಕಾಪಟ್ಟೆ ಬೆಳ್ಳಗಿದ್ದಾರೆ ಎಂಬ ಉತ್ತರ ಬಂತು.

ಇಂಥ ಜಾಗಕ್ಕೆ 1979ರ ಏಪ್ರಿಲ್ ಕೊನೆಯಲ್ಲಿ ಡಿಲನ್ ಬಂದರು. ನಿರ್ಮಾಪಕರು ವೆಕ್ಸ್‌ಲರ್ ಮತ್ತು ಬೆಕೆಟ್. ಪಿಯಾನೋ, ಆರ್ಗನ್ ಕೂಡ ಬೆಕೆಟ್ ಅವರದೇ. ಬಾಸ್ ಗಿಟಾರ್‌ಗೆ ಟಿಮ್ ಡ್ರಮಂಡ್. ಅವರು ಜೇಮ್ಸ್ ಬ್ರೌನ್ ತಂಡದಲ್ಲಿ ನುಡಿಸಿದ್ದವರು. ಲೀಡ್ ಗಿಟಾರ್‌ಗೆ ಮಾರ್ಕ್ ನಾಫ್ಲರ್, ಡ್ರಮ್‌ಗೆ ಪಿಕ್ ವಿದರ್ಸ್. ಇಬ್ಬರೂ ಬ್ರಿಟನ್ನಿನ ‘ಡೈರ್ ಸ್ಟ್ರೈಟ್ಸ್’ ತಂಡದವರು, ಆಗಷ್ಟೇ ಹೆಸರು ಮಾಡುತ್ತಿದ್ದರು. ಅವರ ಎರಡನೇ ಆಲ್ಬಮ್ ನಿರ್ಮಿಸಿದ್ದೂ ವೆಕ್ಸ್‌ಲರ್–ಬೆಕೆಟ್ ಜೋಡಿಯೇ. ಹಾಡುಗಳನ್ನು ಮೊದಲ ಸಲ ಕೇಳಿದ ನಾಫ್ಲರ್ ತಮ್ಮ ಮ್ಯಾನೇಜರಿಗೆ ಫೋನ್ ಮಾಡಿ, ಎಲ್ಲ ಹಾಡೂ ದೇವರ ಬಗ್ಗೆ ಇವೆ ಮಾರಾಯ ಎಂದು ಅಚ್ಚರಿಪಟ್ಟರಂತೆ. ತುತ್ತೂರಿ ವರ್ಗ ಮಸಲ್ ಶೋಲ್ಸ್ ಹಾರ್ನ್ಸ್ ಅವರದು. ಅದಕ್ಕೆ ಸ್ವರ ಹೊಂದಿಸಿದವರು ಹ್ಯಾರಿಸನ್ ಕ್ಯಾಲೊವೇ. ಹಿನ್ನೆಲೆ ಗಾಯಕಿಯರು ಕ್ಯಾರೊಲಿನ್ ಡೆನಿಸ್, ಹೆಲೆನಾ ಸ್ಪ್ರಿಂಗ್ಸ್, ರೆಜಿನಾ ಹ್ಯಾವಿಸ್. ರೆಜಿನಾ ಅವರ ತಂದೆ ರೆವರೆಂಡ್ ಸ್ಯಾಮ್ ಮೆಕ್ರೇರಿ. ನ್ಯಾಶ್‌ವಿಲ್‌ನ ಹಳೆಯ ಗಾಸ್ಪೆಲ್ ತಂಡ ‘ಫೇರ್‌ಫೀಲ್ಡ್ ಫೋರ್’ನವರು.

ಕೆಲಸದ ರೀತಿಯಲ್ಲೂ ಜಟಾಪಟಿ ಇತ್ತು. ಡಿಲನ್‌ಗೆ ಎಲ್ಲರೂ ಒಟ್ಟಿಗೆ ಕೂತು, ಒಂದೆರಡು ಸಲ ಹಾಡಿ ಮುಗಿಸುವ ಅಭ್ಯಾಸ. ತಪ್ಪಾದರೆ ಆಗಲಿ. ವೆಕ್ಸ್‌ಲರ್ ಕ್ರಮ ಬೇರೆ. ಮೊದಲು ತಾಳದ ತಳಪಾಯ ಗಟ್ಟಿ ಮಾಡು, ಮೇಲೆ ಒಂದೊಂದೇ ಪದರ ಹಾಕು. ಮೊದಲ ದಿನ ವಾದಕರು ತಾಳ ಹೊಂದಿಸುವಾಗಲೇ ಡಿಲನ್ ಹಾಡಲು ಶುರು ಮಾಡಿದ್ದರು, ವೆಕ್ಸ್‌ಲರ್ ತಡೆದರು. ಮೇ ಎರಡನೇ ವಾರದ ಹೊತ್ತಿಗೆ ಕೆಲಸ ಮುಗಿದಿತ್ತು. ಡಿಲನ್ ಅವರ ಅಷ್ಟು ನುಣುಪಾದ ಆಲ್ಬಮ್ ಅದಕ್ಕೆ ಮುಂಚೆ ಇರಲಿಲ್ಲ.

ಕಿವಿಗೆ ಏನು ಸಿಗುತ್ತದೆ?

ಮೊದಲ ಹಾಡು ‘ಗಾಟ್ಟಾ ಸರ್ವ್ ಸಮ್‌ಬಡಿ’ ಹಾಕಿ ಕೇಳಿ. ನೀನು ಯಾರೇ ಆಗಿರು, ಯಾರಿಗಾದರೂ ಸೇವೆ ಮಾಡಲೇಬೇಕು, ದೇವರಿಗೋ ಸೈತಾನನಿಗೋ ಎಂಬುದು ತಿರುಳು. ರಾಯಭಾರಿ, ಹೆವಿವೇಟ್ ಚಾಂಪಿಯನ್, ಕಳ್ಳ, ಬೋಧಕ, ಹೀಗೆ ಪಟ್ಟಿ ಬೆಳೆಯುತ್ತಾ ಹೋಗುತ್ತದೆ.

ಚರಣ ಪೂರ್ತಿ ಸಂಗೀತ ಹೆಚ್ಚುಕಡಿಮೆ ಒಂದೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಒಂದೇ ಸ್ವರಗುಚ್ಛದ ಮೇಲೆ ನಿಲ್ಲುತ್ತದೆ. ಎಲ್ಲಿಗೂ ಹೋಗುವುದಿಲ್ಲ. ಬಾಸ್, ಡ್ರಮ್, ವಿದ್ಯುತ್ ಪಿಯಾನೋ ಒಂದೇ ಸುತ್ತು ಹಾಕುತ್ತಿರುತ್ತವೆ. ಇದಕ್ಕೆ ‘ವ್ಯಾಂಪ್’ ಅನ್ನುತ್ತಾರೆ. ಕಪ್ಪು ಚರ್ಚ್‌ನಲ್ಲಿ ಪ್ರವಚನ ಕಾವೇರಿದಾಗ ವಾದಕರು ಮಾಡುವುದು ಇದನ್ನೇ: ಒಂದೇ ಜಾಗದಲ್ಲಿ ಸುತ್ತುತ್ತಾ ಬೋಧಕನಿಗೆ ಮಾತಾಡಲು ಜಾಗ ಬಿಡುವುದು. ಕಾರ್ಡ್ ಬದಲಾಗದೆ ಇದ್ದಷ್ಟೂ ಕೇಳುವವರ ಒಳಗೆ ಒತ್ತಡ ಹೆಚ್ಚುತ್ತದೆ. ಕೋರಸ್ ಬಂದಾಗ ಕಾರ್ಡ್ ಹೊರಳುತ್ತದೆ, ಒತ್ತಡ ಬಿಚ್ಚುತ್ತದೆ. ಜೇಮ್ಸ್ ಬ್ರೌನ್ ಇದೇ ತಂತ್ರದಿಂದ ಜನರನ್ನು ಕುಣಿಸಿದರು. ಆ ತಂಡದಲ್ಲಿದ್ದ ಡ್ರಮಂಡ್‌ಗೆ ಇಲ್ಲಿ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಆಮೇಲೆ ತಾಳ. ನಾಲ್ಕು ಎಣಿಸಿ. ನಾವು ಸಾಮಾನ್ಯವಾಗಿ ಒಂದರ ಮೇಲೆ ಒತ್ತು ಕೊಡುತ್ತೇವೆ. ಗಾಸ್ಪೆಲ್‌ನಲ್ಲಿ, ರಿದಮ್ ಅಂಡ್ ಬ್ಲೂಸ್‌ನಲ್ಲಿ ಚಪ್ಪಾಳೆ ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಇದು ಬ್ಯಾಕ್‌ಬೀಟ್. ಕೂತ ಮನುಷ್ಯನ ಹೆಗಲು ತನ್ನಷ್ಟಕ್ಕೆ ಅಲ್ಲಾಡುವುದು ಇದರಿಂದ. ಡಿಲನ್ ಅವರ ಹಳೆಯ ಫೋಕ್ ಹಾಡುಗಳಲ್ಲಿ ಗಿಟಾರ್ ಎಲ್ಲ ಮಾತ್ರೆಗಳನ್ನೂ ತುಂಬಿಕೊಂಡು ಓಡುತ್ತದೆ. ಇಲ್ಲಿ ಖಾಲಿ ಜಾಗ ಜಾಸ್ತಿ.

ಮೂರನೆಯದು ಕರೆ ಮತ್ತು ಮಾರುತ್ತರ. ನಮ್ಮ ಊರಿನ ಭಜನೆಯಲ್ಲಿ ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ಹಿಡಿದು ಹಾಡುತ್ತಾರೆ. ಗಾಸ್ಪೆಲ್‌ನದು ಇದರ ಹತ್ತಿರದ ರೀತಿ, ಒಂದು ವ್ಯತ್ಯಾಸವಿದೆ. ಕೋರಸ್ ಅದೇ ಸಾಲನ್ನು ಸುಮ್ನೆ ಮರಳಿಸುವುದಿಲ್ಲ. ನಡುವೆ ಬಾಯಿ ಹಾಕುತ್ತದೆ, ಹೌದು ಅನ್ನುತ್ತದೆ, ಮುಂದೆ ತಳ್ಳುತ್ತದೆ. ಈ ಹಾಡಿನಲ್ಲಿ ಡಿಲನ್ ಪಲ್ಲವಿ ಹಿಡಿದ ಕೂಡಲೇ ಮೂವರು ಹೆಂಗಸರು ನುಗ್ಗುತ್ತಾರೆ. ಅವರಿಲ್ಲದೆ ಈ ಹಾಡನ್ನು ಊಹಿಸಿ ನೋಡಿ. ಒಬ್ಬ ಸಿಟ್ಟಿನ ಮನುಷ್ಯ ಎಲ್ಲರನ್ನೂ ಗದರಿಸುತ್ತಿದ್ದಾನೆ ಅನಿಸುತ್ತದೆ. ಅವರು ಸೇರಿದಾಗ ಅದು ಒಂದು ಸಭೆಯ ಮಾತಾಗುತ್ತದೆ.

‘ಗಾನ್ನಾ ಚೇಂಜ್ ಮೈ ವೇ ಆಫ್ ಥಿಂಕಿಂಗ್’ ಅಪ್ಪಟ ಬ್ಲೂಸ್ ನಡಿಗೆ. ತುತ್ತೂರಿಗಳು ಸಾಲಿನ ಕೊನೆಗೆ ಬಂದು ಗುದ್ದುತ್ತವೆ. ಇದರ ಸಾಹಿತ್ಯ ತೆಗೆದು ಬೇರೆ ಹಾಕಿದರೆ ಯಾವ ಬಾರಿನಲ್ಲೂ ನುಡಿಸಬಹುದು. ‘ಡೂ ರೈಟ್ ಟು ಮಿ ಬೇಬಿ’ ಮಾತ್ರ ಹಳೆಯ ಫೋಕ್ ಡಿಲನ್‌ಗೆ ಹತ್ತಿರ. ‘ಮ್ಯಾನ್ ಗೇವ್ ನೇಮ್ಸ್’ ರೆಗೆ ಲಯದ ಮಕ್ಕಳ ಹಾಡು. ಪ್ರಾಣಿಗಳಿಗೆ ಹೆಸರಿಡುತ್ತಾ ಹೋಗಿ ಕೊನೆಗೆ ಹಾವಿನ ಹೆಸರು ಹೇಳದೆ ನಿಲ್ಲಿಸುತ್ತದೆ. ಅದು ಕೆಲವರಿಗೆ ಇಷ್ಟ, ನನಗೆ ಅಷ್ಟಕ್ಕಷ್ಟೆ.

ಕೊನೆಯ ಹಾಡು ‘ವೆನ್ ಹಿ ರಿಟರ್ನ್ಸ್’. ಇಲ್ಲಿ ಬ್ಯಾಂಡ್ ಇಲ್ಲ, ಕೋರಸ್ ಇಲ್ಲ. ಡಿಲನ್ ದನಿ, ಬೆಕೆಟ್ ಪಿಯಾನೋ ಎರಡೇ. ಮೊದಲು ಇದನ್ನು ಗಾಯಕಿಯರಿಂದ ಹಾಡಿಸುವ ಯೋಚನೆ ಇತ್ತು. ಅವರಿಗೆ ದಾರಿ ತೋರಿಸಲು ಡಿಲನ್ ಹಾಡಿದ್ದಕ್ಕೆ ಬೆಕೆಟ್ ಪಿಯಾನೋ ಸೇರಿಸಿದರು. ಕೇಳಿದ ಡಿಲನ್ ಮನಸ್ಸು ಬದಲಿಸಿ, ಅಭ್ಯಾಸ ಮಾಡಿ ತಾವೇ ಹಾಡಿದರು. ಗಾಸ್ಪೆಲ್ ಗಾಯಕರ ಹಾಗೆ ಒಂದು ಅಕ್ಷರವನ್ನು ಹತ್ತು ಸ್ವರಗಳ ಮೇಲೆ ಜಾರಿಸುವ ಗಂಟಲು ಡಿಲನ್‌ಗಿಲ್ಲ. ಆದರೆ ಸಾಲಿನ ತುದಿಯಲ್ಲಿ ದನಿ ಒಡೆಯುವ ಹಂತಕ್ಕೆ ಹೋಗಿ ನಿಲ್ಲುವುದನ್ನು ಅವರು ಕಲಿತಿದ್ದು ಆ ಗಾಯಕರಿಂದಲೇ. ಆಲ್ಬಮ್‌ನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಇದು.

ಶೀರ್ಷಿಕೆಯ ರೈಲು ಕೂಡ ಅವರ ಸ್ವಂತದ್ದಲ್ಲ. ಕಪ್ಪು ಜನರ ಹಾಡುಗಳಲ್ಲಿ ರೈಲು ಅಂದರೆ ಬಿಡುಗಡೆ. ಗುಲಾಮಗಿರಿಯಿಂದ ಉತ್ತರಕ್ಕೆ ಓಡಿಹೋಗುವವರ ಗುಟ್ಟಿನ ಜಾಲಕ್ಕೂ ರೈಲಿನ ಹೆಸರೇ ಇತ್ತು. ಸಿಸ್ಟರ್ ರೊಸೆಟಾ ಥಾರ್ಪ್ ವಿದ್ಯುತ್ ಗಿಟಾರ್ ಹಿಡಿದು ಹಾಡಿದ ರೈಲು, 1965ರಲ್ಲಿ ಕರ್ಟಿಸ್ ಮೇಫೀಲ್ಡ್ ‘ಪೀಪಲ್ ಗೆಟ್ ರೆಡಿ’ಯಲ್ಲಿ ಕರೆದ ರೈಲು, ಇವೆಲ್ಲ ಬಿಡುಗಡೆಯ ಕಡೆಗೆ ಕರೆದೊಯ್ಯುವ ರೈಲುಗಳು. ಡಿಲನ್ ರೈಲು ಎಚ್ಚರಿಕೆ ಕೊಡುವ ರೈಲು. ಇಲ್ಲೇ ನನ್ನ ತಕರಾರು. ‘ಸ್ಲೋ ಟ್ರೇನ್’ ಹಾಡಿನಲ್ಲಿ ಅರಬ್ ಶೇಖ್‌ಗಳ ಒಡವೆ, ಮೂಗುತಿಗಳನ್ನು ಅಣಕಿಸುವ ಸಾಲುಗಳಿವೆ. ತೈಲ ಬಿಕ್ಕಟ್ಟಿನ ಕಾಲದ ಅಮೆರಿಕನ್ ಕೋಪ ಅದು, ಬೈಬಲ್ ಮಾತಲ್ಲ. ಹಾರ್ನ್ಸ್, ಗಿಟಾರ್ ಎಷ್ಟು ಚೆನ್ನಾಗಿದ್ದರೂ ಆ ಸಾಲು ಬಂದಾಗ ಮುಜುಗರವಾಗುತ್ತದೆ. ಡಾರ್ಸಿಯ ಗಾಸ್ಪೆಲ್‌ನಲ್ಲಿ ಹಾಡುವವರು ತಾವೇ ಬಿದ್ದವರು, ಕೈ ಹಿಡಿದು ಎತ್ತು ಎಂದು ಬೇಡುವವರು. ಡಿಲನ್ ಹಲವು ಕಡೆ ಬಿದ್ದವರನ್ನು ಬೊಟ್ಟು ಮಾಡಿ ತೋರಿಸುತ್ತಾರೆ. ಧಾಟಿ ಸಿಕ್ಕಿತು, ದೀನತೆ ಎಲ್ಲ ಹಾಡಿನಲ್ಲೂ ಸಿಗಲಿಲ್ಲ.

ಆಮೇಲೆ ಏನಾಯಿತು?

ಅಭಿಮಾನಿಗಳು ಮುನಿಸಿಕೊಂಡರೂ ಆಲ್ಬಮ್ ಚೆನ್ನಾಗಿ ಮಾರಾಟವಾಯಿತು. ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನ, ಬ್ರಿಟನ್‌ನಲ್ಲಿ 2ನೇ ಸ್ಥಾನ. ‘ಗಾಟ್ಟಾ ಸರ್ವ್ ಸಮ್‌ಬಡಿ’ಗೆ 1980ರಲ್ಲಿ ಗ್ರ್ಯಾಮಿ ಬಂತು. ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್ ರೇಗಿ, ನಿನ್ನ ಸೇವೆ ನೀನೇ ಮಾಡಿಕೋ ಎಂಬರ್ಥದ ಉತ್ತರದ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಿದರು.

1979ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರ್‌ನಲ್ಲಿ ಡಿಲನ್ 14 ಕಛೇರಿ ಕೊಟ್ಟರು. ಒಂದೇ ಒಂದು ಹಳೆಯ ಹಾಡು ಹಾಡಲಿಲ್ಲ. ಕಛೇರಿ ಶುರುವಾಗುವುದು ಡಿಲನ್‌ರಿಂದಲ್ಲ. ರೆಜಿನಾ ಹ್ಯಾವಿಸ್ ಒಬ್ಬರೇ ಬಂದು, ಟಿಕೆಟ್‌ಗೆ ದುಡ್ಡಿಲ್ಲದೆ ರೈಲಿಗಾಗಿ ನಿಂತ ಒಬ್ಬ ಅಜ್ಜಿಯ ಕಥೆ ಹೇಳುತ್ತಿದ್ದರು. ಆಮೇಲೆ ಗಾಯಕಿಯರು ಪಿಯಾನೋ ಜೊತೆ ಸಾಲಾಗಿ ಗಾಸ್ಪೆಲ್ ಹಾಡುತ್ತಿದ್ದರು. ಅದಾದ ಮೇಲೆ ಡಿಲನ್. ಸಭಿಕರಲ್ಲಿ ಕೆಲವರು ಕೂಗಾಡಿದರು, ಪತ್ರಿಕೆಗಳು ಲೇವಡಿ ಮಾಡಿದವು. ಒಬ್ಬ ರಾಕ್ ತಾರೆ ತನ್ನ ಕಛೇರಿಯ ಬಾಗಿಲನ್ನು ಕಪ್ಪು ಚರ್ಚ್ ಹೆಂಗಸರ ಕೈಗೆ ಕೊಟ್ಟದ್ದನ್ನು ಅಂದು ಹೆಚ್ಚು ಜನ ಗಮನಿಸಲಿಲ್ಲ. ಆ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ಸ್ಪೂನರ್ ಓಲ್ಡ್‌ಹ್ಯಾಮ್. ಹೌದು, ಅರೀಥಾ ಹಾಡಿನವರೇ. ಡ್ರಮ್‌ನಲ್ಲಿ ಜಿಮ್ ಕೆಲ್ಟ್ನರ್.

ಇದೇ ತಂಡವನ್ನು ಕರೆದುಕೊಂಡು 1980ರ ಫೆಬ್ರವರಿಯಲ್ಲಿ ಮತ್ತೆ ಮಸಲ್ ಶೋಲ್ಸ್‌ಗೆ ಹೋಗಿ ‘ಸೇವ್ಡ್’ ಮಾಡಿದರು. ನಿರ್ಮಾಪಕರು ಮತ್ತೆ ವೆಕ್ಸ್‌ಲರ್ ಮತ್ತು ಬೆಕೆಟ್ ಅವರೇ. ಆದರೆ ಕೆಲವೇ ದಿನಗಳಲ್ಲಿ ಅವಸರದಿಂದ ಮುಗಿಸಿದರು. ವೇದಿಕೆಯ ಮೇಲೆ ಉರಿಯುತ್ತಿದ್ದ ಹಾಡುಗಳು ಸ್ಟುಡಿಯೋದಲ್ಲಿ ದಣಿದಂತೆ ಕೇಳಿಸುತ್ತವೆ. ಅಮೆರಿಕದಲ್ಲಿ 24ನೇ ಸ್ಥಾನಕ್ಕಿಂತ ಮೇಲೆ ಹೋಗಲಿಲ್ಲ. 1981ರ ‘ಶಾಟ್ ಆಫ್ ಲವ್’ ಹೊತ್ತಿಗೆ ಹಳೆಯ ಹಾಡುಗಳು ವೇದಿಕೆಗೆ ವಾಪಸ್ ಬಂದಿದ್ದವು. ಆ ಆಲ್ಬಮ್‌ನ ‘ಎವ್ರಿ ಗ್ರೇನ್ ಆಫ್ ಸ್ಯಾಂಡ್’ನಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ನಾನು ಮೇಲೆ ಹೇಳಿದ ದೀನತೆ ಅಲ್ಲಿ ಸಿಗುತ್ತದೆ.

ಕೇಳಲು ಹೊರಟವರಿಗೆ ನನ್ನ ಸಲಹೆ ಇಷ್ಟು. ಮೊದಲು ‘ಸ್ಲೋ ಟ್ರೇನ್ ಕಮಿಂಗ್’ ಪೂರ್ತಿ ಕೇಳಿ. ‘ಸೇವ್ಡ್’ ಬಿಟ್ಟುಬಿಡಿ, ಬದಲಿಗೆ 2017ರಲ್ಲಿ ಬಂದ ‘ಟ್ರಬಲ್ ನೋ ಮೋರ್’ ಸಂಗ್ರಹದಲ್ಲಿ ಅದೇ ಹಾಡುಗಳ ಕಛೇರಿ ರೂಪ ಕೇಳಿ. ಅದಾದ ಮೇಲೆ 2003ರ ‘ಗಾಟ್ಟಾ ಸರ್ವ್ ಸಮ್‌ಬಡಿ: ದ ಗಾಸ್ಪೆಲ್ ಸಾಂಗ್ಸ್ ಆಫ್ ಬಾಬ್ ಡಿಲನ್’ ಹುಡುಕಿ. ಅದರಲ್ಲಿ ಈ ಹಾಡುಗಳನ್ನು ಗಾಸ್ಪೆಲ್ ಗಾಯಕರು ಹಾಡಿದ್ದಾರೆ. ಶರ್ಲಿ ಸೀಸರ್ ಶೀರ್ಷಿಕೆಯ ಹಾಡನ್ನು ಎತ್ತಿಕೊಂಡಾಗ ಅದು ಮೊದಲಿನಿಂದಲೂ ಅವರದೇ ಆಗಿತ್ತು ಅನಿಸುತ್ತದೆ. ರೆಜಿನಾ ಅವರ ತಂದೆಯ ಫೇರ್‌ಫೀಲ್ಡ್ ಫೋರ್ ತಂಡವೂ ಅದರಲ್ಲಿದೆ. ಕೊನೆಗೆ ‘ಗಾನ್ನಾ ಚೇಂಜ್ ಮೈ ವೇ ಆಫ್ ಥಿಂಕಿಂಗ್’ ಬರುತ್ತದೆ. ಸಾಹಿತ್ಯ ಬಹುಪಾಲು ಹೊಸದು. ಹಾಡುತ್ತಿರುವವರು ಡಿಲನ್ ಮತ್ತು ಮೇವಿಸ್ ಸ್ಟೇಪಲ್ಸ್. ನಡುವೆ ಹಾಡು ನಿಲ್ಲಿಸಿ, ಮೇವಿಸ್ ಅವರ ಮನೆಗೆ ಬಂದಂತೆ, ಅವರು ಬರಮಾಡಿಕೊಂಡಂತೆ ಇಬ್ಬರೂ ತಮಾಷೆಯಾಗಿ ಮಾತಾಡುತ್ತಾರೆ. ಆಮೇಲೆ ಮತ್ತೆ ಹಾಡು ಹಿಡಿಯುತ್ತಾರೆ, ಮೊದಲಿಗಿಂತ ಜೋರಾಗಿ.